ಪರ್ಸನಲಿ ಅಡ್ಡಿಯಿಲ್ಲದ ಮ್ಯಾನೇಜರರಿಗೆ

ಕುರುಬರಹಳ್ಳಿ, ಆಗಸ್ಟ್ ೧೯೮೬

ರಾಜಾಜಿನಗರದ ಬಲ್ಬು ಕಾರ್ಖಾನೆಯ ಪರ್ಸನಲ್ ಮ್ಯಾನೇಜರ್ ಶ್ರೀ ವೆಂಕಟರಮಣಪ್ಪನವರ ಸನ್ನಿಧಾನಕ್ಕೆ, ಹೈಸ್ಕೂಲು ಮೇಷ್ಟ್ರು ರೇವಣಸಿದ್ದಪ್ಪ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಹದಿನಾರು ವರ್ಷ ದುಡಿದ ಅಂಜಿನಯ್ಯನವರು ಯುಗಾದಿಯ ಮರುವಾರ ತೀರಿಕೊಂಡ ಮೇಲೆ, ಅವರ ಹೆಂಡತಿ, ನಮ್ಮ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನವರು ಅನುಕಂಪದ ಕೆಲಸ ಕೇಳಿಕೊಂಡು ಬಂದಾಗ, "ಪರ್ಸನಲಿ ನನ್ನದೇನೂ ಅಡ್ಡಿ ಇಲ್ಲಮ್ಮ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ಇಂಗ್ಲಿಷ್ ಬಾರದ ಆಕೆ ಅದನ್ನು ‘ಪರ್ಸನಲ್‌ನಲ್ಲಿ’, ಅಂದರೆ ತಮ್ಮ ವಿಭಾಗದಲ್ಲಿ, ಅಡ್ಡಿ ಇಲ್ಲವೆಂದು ತಿಳಿದು, ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದುದನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಸೋಮವಾರ ಬುತ್ತಿ ಕಟ್ಟಿಕೊಂಡು ಬಂದು, ಗೇಟಿನಿಂದಲೇ ವಾಪಸಾದರು.

ತಪ್ಪು ಯಾರದೆಂದು ತಿಳಿಯಲು ನಾನು ನಿಘಂಟು ತೆಗೆದೆ. ಆ ಪದಕ್ಕೆ ‘ಖುದ್ದಾಗಿ’ ಎಂದೂ ‘ನನ್ನ ಮಟ್ಟಿಗೆ’ ಎಂದೂ ಎರಡರ್ಥ. ಮೂಲ ಹುಡುಕಿದರೆ ಲ್ಯಾಟಿನ್ನಿನಲ್ಲಿ ನಾಟಕದವರ ಮುಖವಾಡ. ಬಳಕೆಯನ್ನು ಮಾತ್ರ ತಮ್ಮ ಕಚೇರಿಯಲ್ಲೇ ಕಲಿಯಬೇಕಾಯಿತು. ‘ಪರ್ಸನಲಿ ಬನ್ನಿ’ ಎಂದು ತಾವು ಕಾಗದ ಬರೆದರೆ ಆಕೆ ಬಸ್ಸು ಹಿಡಿದು ಬರಬೇಕು. ‘ಪರ್ಸನಲಿ ಅಡ್ಡಿಯಿಲ್ಲ’ ಎಂದರೆ ತಾವು ಅಲ್ಲಿ ಇಲ್ಲವೆಂದು ತಿಳಿಯಬೇಕು.

ನಾಲ್ಕನೆಯ ಸಲ ನಾನೂ ಜೊತೆಗೆ ಬಂದಿದ್ದೆ. ತಾವು "ಪರ್ಸನಲಿ ನಿಮ್ಮ ಕಷ್ಟ ನನಗೆ ಅರ್ಥ ಆಗತ್ತೆ, ಆದ್ರೆ" ಎಂದು ನಿಲ್ಲಿಸಿದಾಗ ಆಕೆ ಕಣ್ಣೊರೆಸಿಕೊಂಡು, "ಆ ಪರ್ಸನಲಿಯವ್ರು ಒಳ್ಳೆಯವ್ರ ಥರ ಕಾಣ್ತಾರೆ ಸಾರ್, ಅವ್ರನ್ನೇ ಕರೀರಿ, ಅವ್ರ ಹತ್ರ ಮಾತಾಡ್ಕೊಂಡು ಹೋಗ್ತೀನಿ" ಎಂದರು. ಆಕೆ ತಮಾಷೆ ಮಾಡಿದ್ದಲ್ಲ. ತಾವು ಫ್ಯಾನನ್ನು ನೋಡಿದಿರಿ.

ಆಮೇಲೆ ತಾವು ಮಗಳ ಮದುವೆಗೆಂದು ರಜೆ ಹೋದಿರಿ. ತಮ್ಮ ಜಾಗಕ್ಕೆ ಬಂದ ವಿಮಲಮ್ಮನವರ ಸಿಡುಕು ಕಾರ್ಖಾನೆಗೆಲ್ಲ ಗೊತ್ತು. "ಗಂಡ ಸತ್ತು ನಾಲ್ಕು ತಿಂಗಳಾಯ್ತು, ಈ ಫೈಲು ಇನ್ನೂ ಇಲ್ಲೇ ಯಾಕಿದೆ?" ಎಂದು ಗುಮಾಸ್ತರನ್ನು ಬೈದು, ನೊಂದವರಿಗೆ ಒಂದು ಸಮಾಧಾನದ ಮಾತನ್ನೂ ಆಡದೆ, ಸಹಿ ಹಾಕಿ ಮೇಲಕ್ಕೆ ಕಳಿಸಿಬಿಟ್ಟರು. ಶುಕ್ರವಾರ ಆಕೆಗೆ ಕೆಲಸದ ಆರ್ಡರು ಬಂತು. ಇಂಥ ಒರಟುತನವನ್ನು ತಾವು ಖಂಡಿಸುತ್ತೀರೆಂದು ನಂಬಿದ್ದೇನೆ.

ರಜೆ ಮುಗಿಸಿ ಬಂದ ತಾವು ಆಕೆಗೆ "ಪರ್ಸನಲಿ ನನಗೆ ತುಂಬ ಸಂತೋಷ" ಎಂದಿರಂತೆ. ಸಂಜೆ ಆಕೆ ನಮ್ಮ ಜಗಲಿಯಲ್ಲಿ ಕೂತು, "ಹಂಗಾದ್ರೆ ಆಫೀಸಿಗೆ ಬೇಜಾರಾ ಮೇಷ್ಟ್ರೇ?" ಎಂದು ಕೇಳಿದರು.

ಆದ್ದರಿಂದ ತಮ್ಮೊಳಗಿರುವ ಆ ಸಜ್ಜನರಿಗೆ ಒಂದು ಕುರ್ಚಿ, ಒಂದು ಪೆನ್ನು, ಸಹಿ ಮಾಡುವ ಅಧಿಕಾರ ಕೊಡಿಸಬೇಕೆಂದೂ, ತಾವು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಅಡ್ಡಿಗಳನ್ನಷ್ಟೇ ನೋಡಿಕೊಳ್ಳಬೇಕೆಂದೂ ಬೇಡುತ್ತೇನೆ.

ಇತಿ, ತಮ್ಮಿಬ್ಬರಲ್ಲಿ ಒಬ್ಬರ ವಿಶ್ವಾಸಿ,
ರೇವಣಸಿದ್ದಪ್ಪ

ತಾ.ಕ.: ತಾವು ತುಮಕೂರಿಗೆ ವರ್ಗ ಕೇಳಿದ್ದೀರೆಂದು ತಿಳಿಯಿತು. ನಮ್ಮ ಬೀದಿಯವರಾರದೂ ಇದಕ್ಕೆ ಅಡ್ಡಿಯಿಲ್ಲ. ಪರ್ಸನಲಿಯೂ ಇಲ್ಲ, ಉಳಿದಂತೆಯೂ ಇಲ್ಲ.