ನಾನು ಗಿಟಾರ್ ಓದುತ್ತೇನೆ

ಗಂಡ ಕುಡಿಯುತ್ತಾನೆಂದು ಅಳುವ ಹೆಂಡತಿಯರನ್ನು ಲೋಕ ಕಂಡಿದೆ, ಜೂಜಾಡುತ್ತಾನೆಂದು ಶಪಿಸುವವರನ್ನೂ ಕಂಡಿದೆ. ಗಂಡ ಓದುತ್ತಾನೆಂದು ಮನೆಗೆ ಬಂದವರ ಮುಂದೆಲ್ಲ ಗೋಳಾಡುವ ಹೆಂಡತಿ ಮಾತ್ರ ನನ್ನ ಪಾಲಿಗೇ ಬರಬೇಕೇ? ಅದೂ ನಾನು ಓದುವುದು ಎಂಥದ್ದು? ಗಿಟಾರ್ ಪತ್ರಿಕೆ. ತಿಂಗಳಿಗೊಂದು ಬರುತ್ತದೆ. ನುಣುಪಾದ ಕಾಗದ, ಮುಖಪುಟದ ತುಂಬ ಹೊಳೆಯುವ ಒಂದು ಗಿಟಾರು. ಬಂದ ದಿನ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಮುಟ್ಟುತ್ತೇನೆ. (ಊಟಕ್ಕೆ ಮುಂಚೆ ಇಷ್ಟು ಶ್ರದ್ಧೆಯಿಂದ ತೊಳೆದಿದ್ದರೆ ಅರ್ಧ ಕಾಯಿಲೆ ಬರುತ್ತಿರಲಿಲ್ಲ ಎಂಬುದು ನನ್ನವಳ ಅಭಿಪ್ರಾಯ.)

ನನ್ನ ಹತ್ತಿರ ಗಿಟಾರೂ ಇದೆ. ಹೇಳದಿದ್ದರೆ ನೀವು ತಪ್ಪು ತಿಳಿಯುತ್ತೀರಿ. ಆದರೆ ಬಾರಿಸಿದರೆ ಬೆರಳು ನೋಯುತ್ತದೆ, ಓದಿದರೆ ಏನೂ ನೋಯುವುದಿಲ್ಲ. ಹಗಲೆಲ್ಲ ನಾನು ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವವನು. ಮುಳ್ಳು ಸೊನ್ನೆಗೆ ಬಂತೋ ಇಲ್ಲವೋ ಎಂದು ಬಗ್ಗಿ ನೋಡಿ ನೋಡಿ ಸೊಂಟ ಬಿದ್ದು ಮನೆಗೆ ಬರುತ್ತೇನೆ. ಕುರ್ಚಿಯಲ್ಲಿ ಕಾಲು ಚಾಚಿ, ಯಾವ ಮರದ ಗಿಟಾರು ಮಳೆಗಾಲದಲ್ಲಿ ಹೇಗೆ ನುಡಿಯುತ್ತದೆ ಎಂಬ ಲೇಖನಕ್ಕೆ ಕಣ್ಣು ಹಾಯಿಸಿದೊಡನೆ ನಾನು ಬೇರೆಯೇ ಮನುಷ್ಯನಾಗುತ್ತೇನೆ. ಆ ಸುಖ ನನಗೆ ಇನ್ನೆಲ್ಲೂ ಸಿಕ್ಕಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಜಗಳ ಶುರುವಾದದ್ದು ನಡುಮನೆಯ ಕಪಾಟಿನಿಂದ. ನನ್ನವಳು ಮನೆಯಲ್ಲೇ ಕೂತು ಬಟ್ಟೆ ಹೊಲಿದು ಕೊಡುತ್ತಾಳೆ. ಅವಳ ಬಟ್ಟೆಯ ಗಂಟುಗಳು ಮಂಚದ ಕೆಳಗೆ, ಊಟದ ಮೇಜಿನ ಮೇಲೆ, ಒಮ್ಮೊಮ್ಮೆ ನನ್ನ ದಿಂಬಿನ ಜಾಗದಲ್ಲಿ. ನನ್ನ ಪತ್ರಿಕೆಗಳು ಮಾತ್ರ ಕಪಾಟಿನಲ್ಲಿ ಸಾಲಾಗಿ, ಧೂಳಿಲ್ಲದೆ ರಾಜಭೋಗ ಅನುಭವಿಸುತ್ತಿದ್ದವು.

"ಈ ಕಪಾಟು ನನಗೆ ಬೇಕು," ಅಂದಳು ಒಂದು ದಿನ.

"ಅದು ಗ್ರಂಥಾಲಯ ಕಣೇ."

"ಅಷ್ಟು ಗ್ರಂಥ ಓದಿದವರು ಒಂದು ಹಾಡಾದ್ರೂ ಬಾರಿಸ್ಬೇಕಲ್ವಾ? ಮದುವೆ ಆದಾಗಿಂದ ನೋಡ್ತಿದ್ದೀನಿ. ಟ್ರಿಂಗ್ ಅನ್ನಿಸ್ತೀರ, ನಿಲ್ಲಿಸ್ತೀರ, ಪುಟ ತಿರುಗಿಸ್ತೀರ."

"ಸಿದ್ಧಾಂತ ಮೊದಲು, ಪ್ರಯೋಗ ಆಮೇಲೆ."

"ಹಾಗಾದ್ರೆ ಇವತ್ತು ರಾತ್ರಿ ನಿಮಗೆ ಅಡುಗೆ ಪುಸ್ತಕ ಓದಿ ಹೇಳ್ತೀನಿ. ಊಟ ಆಮೇಲೆ ನೋಡೋಣ."

ಮಾತು ಬೆಳೆದು ಪಂದ್ಯಕ್ಕೆ ನಿಂತಿತು. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ನಮ್ಮತ್ತೆಯ ಎಪ್ಪತ್ತನೆಯ ಹುಟ್ಟುಹಬ್ಬ, ನಮ್ಮ ಮನೆಯಲ್ಲೇ. ನೆಂಟರೆದುರು ನಾನು ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಬಾರಿಸಬೇಕು. ಬಾರಿಸಿದರೆ ಕಪಾಟು ಆಜೀವ ನನ್ನದು. ಇಲ್ಲದಿದ್ದರೆ ಮಾರನೆಯ ದಿನವೇ ಪತ್ರಿಕೆಗಳೆಲ್ಲ ರದ್ದಿಗೆ. ತೀರ್ಪುಗಾರರು ಅತ್ತೆ. (ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅಳಿಯನನ್ನು ಇವತ್ತಿಗೂ ಕೊನೆಯ ಬೆಂಚಿನ ಹುಡುಗನನ್ನು ನೋಡುವಂತೆಯೇ ನೋಡುತ್ತಾರೆ.)

ನೀವಾಗಿದ್ದರೆ ಅಂದೇ ಅಭ್ಯಾಸಕ್ಕೆ ಕೂರುತ್ತಿದ್ದಿರಿ. ನಾನೂ ಕೂತೆ, ಆದರೆ ಹೇಗೆ ಅಭ್ಯಾಸ ಮಾಡಬೇಕೆಂದು ತಿಳಿಯಲು ಹಳೆಯ ಸಂಚಿಕೆಗಳನ್ನು ಹರಡಿಕೊಂಡು ಕೂತೆ. ಅಲ್ಲಿ ಸಿಕ್ಕಿತು ನೋಡಿ, ಒಂದು ದಿವ್ಯ ಲೇಖನ: 'ಬೆರಳು ನೋಯುತ್ತಿದೆಯೇ? ತಪ್ಪು ನಿಮ್ಮದಲ್ಲ, ಗಿಟಾರಿನದು.' ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷಗಳಲ್ಲಿ ನನ್ನ ಪರವಾಗಿ ಮಾತಾಡಿದ ಮೊದಲ ಮನುಷ್ಯ ಆ ಲೇಖಕ. ತಂತಿಗಳು ಎತ್ತರದಲ್ಲಿದ್ದರೆ ಬೆರಳು ನೋಯುತ್ತದಂತೆ. ತಂತಿಗಳು ಕೂರುವ ಒಂದು ಸಣ್ಣ ಬಿಳಿ ಪಟ್ಟಿ ಇದೆ, ಅದನ್ನು ತೆಗೆದು ಅಡಿಯಲ್ಲಿ ಸ್ವಲ್ಪವೇ ಉಜ್ಜಿದರೆ ತಂತಿ ಕೆಳಗಿಳಿಯುತ್ತದಂತೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ನನ್ನವಳು, ಸೂಜಿಗೆ ದಾರ ಪೋಣಿಸುತ್ತ.

"ನೆಲ ನಿಜವಾಗ್ಲೂ ಡೊಂಕಾಗಿದ್ರೆ ಅವಳಾದ್ರೂ ಏನು ಮಾಡ್ಬೇಕು?" ಅಂದೆ.

ಬೇರೆ ಯಾರಾದರೂ ಆ ಪಟ್ಟಿಯನ್ನು ಎರಡು ಸಲ ಉಜ್ಜಿ ಸುಮ್ಮನಾಗುತ್ತಿದ್ದರು. ನಾನು ತೂಕದ ಯಂತ್ರದವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಿದ್ದೆ ಬಾರದು. ಪಟ್ಟಿಯನ್ನು ಕೆಲಸಕ್ಕೆ ಒಯ್ದು, ಅಲ್ಲಿನ ಮೇಜಿನ ಮೇಲಿಟ್ಟು ಉಜ್ಜಿದೆ, ಅಳೆದೆ. ಎಡಗಡೆ ಒಂಚೂರು ಹೆಚ್ಚಿತ್ತು, ಎಡಗಡೆ ಉಜ್ಜಿದೆ. ಈಗ ಬಲಗಡೆ ಹೆಚ್ಚಾಯಿತು. ಹೀಗೆ ನ್ಯಾಯ ಒದಗಿಸುತ್ತ ಹೋದೆ. ಕೊನೆಗೆ ಎರಡೂ ಕಡೆ ಕರಾರುವಾಕ್ಕಾಗಿ ಸಮವಾದವು, ಪಟ್ಟಿಯಲ್ಲಿ ಉಳಿದದ್ದು ಉಗುರಿನಷ್ಟು. ಮನೆಗೆ ತಂದು ಕೂರಿಸಿ, ತಂತಿ ಬಿಗಿದು ಮೀಟಿದೆ. ಆರು ತಂತಿಗಳೂ ಗಿಟಾರಿನ ಕತ್ತಿಗೆ ಅಂಟಿಕೊಂಡು ಜುಂಯ್ ಎಂದವು. ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿ ಕೂಡ ಅದಕ್ಕಿಂತ ಇಂಪಾಗಿ ಹಾಡೀತು. ಬೆರಳು ಮಾತ್ರ ಒಂಚೂರೂ ನೋಯಲಿಲ್ಲ.

ಗಿಟಾರ್ ಅಂಗಡಿಯವನು ಹೊಸ ಪಟ್ಟಿ ತರಿಸಿಕೊಡಲು ತಿಂಗಳು ಬೇಕೆಂದ. ಹುಟ್ಟುಹಬ್ಬ ತಿಂಗಳು ಕಾಯುವಂತಿರಲಿಲ್ಲ.

ಭಾನುವಾರ ಸಂಜೆ ನಡುಮನೆ ತುಂಬಿತು. ಅತ್ತೆ ನಡುವಿನ ಕುರ್ಚಿಯಲ್ಲಿ. ಪಕ್ಕದಲ್ಲಿ ಭಾವಮೈದುನ, ಅಂದರೆ ನನ್ನವಳ ತಮ್ಮ. ಯಾವುದನ್ನು ಕಂಡರೂ ತನಗೂ ಬೇಕು ಎನ್ನುವ ಜಾತಿ. ನಾದಿನಿ, ಅವಳ ಗಂಡನಾದ ನನ್ನ ಷಡ್ಡಕ, ಎದುರುಮನೆಯ ಔಷಧಿ ಅಂಗಡಿಯವರು ಹೆಂಡತಿ ಸಮೇತ. ಕೇಕ್ ಕತ್ತರಿಸಿ ಆಯಿತು. ನನ್ನವಳು ಕೈ ಒರೆಸಿಕೊಂಡು, "ಈಗ ನಮ್ಮನೆಯವರು ಗಿಟಾರ್ ಬಾರಿಸ್ತಾರೆ," ಎಂದು ಘೋಷಿಸಿದಳು. ಅವಳ ಕಣ್ಣು ಆಗಲೇ ಕಪಾಟಿನ ಮೇಲಿತ್ತು.

ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಮೀಟಿದೆ. ಜುಂಯ್.

"ಏನದು?" ಅತ್ತೆ ಕೇಳಿದರು.

ಪ್ರಶ್ನೆ ಕೇಳಿದರಲ್ಲ, ಉತ್ತರ ನನಗೆ ಬಾಯಿಪಾಠ. "ಒಳ್ಳೇ ಪ್ರಶ್ನೆ ಅತ್ತೆ," ಎಂದು ಶುರುಮಾಡಿದೆ. ತಂತಿ ಯಾಕೆ ಗುಂಯ್‌ಗುಟ್ಟುತ್ತದೆ, ಮರ ಯಾಕೆ ಬಾಗುತ್ತದೆ, ಹಳೆಯ ಮರದ ನಾದ ಹೊಸ ಮರಕ್ಕೆ ಯಾಕೆ ಬರುವುದಿಲ್ಲ, ಎಡಗೈಯವರು ತಂತಿಗಳನ್ನು ಹೇಗೆ ತಿರುಗಾಮುರುಗಾ ಕಟ್ಟುತ್ತಾರೆ, ಎಲ್ಲವನ್ನೂ ಹೇಳಿದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಲ್ಲವೇ? ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಷಡ್ಡಕ ಕೇಕ್ ಹಿಡಿದ ಕೈಯನ್ನು ಬಾಯಿಗೆ ಒಯ್ಯುವುದನ್ನೇ ಮರೆತಿದ್ದ. ಹುಮ್ಮಸ್ಸಿನಲ್ಲಿ, "ಪ್ರತಿ ಮನೆಯಲ್ಲೂ ಇಂಥ ಪತ್ರಿಕೆ ಇರಬೇಕು, ಜ್ಞಾನ ಹಂಚಿದಷ್ಟೂ ಹೆಚ್ಚುತ್ತೆ," ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು.

"ಹಾಡು?" ಅಂದಳು ನನ್ನವಳು.

ಅತ್ತೆ ಕನ್ನಡಕ ಸರಿಪಡಿಸಿಕೊಂಡರು. "ಬಾಯಿ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಪ್ರಾಯೋಗಿಕದಲ್ಲಿ ಗೈರುಹಾಜರಿ. ನಿಯಮದ ಪ್ರಕಾರ ನಪಾಸು."

"ಸರಿ, ನಾಳೆ ಎಲ್ಲಾ ರದ್ದಿಗೆ," ಅಂದಳು ನನ್ನವಳು.

"ಅಯ್ಯೋ, ರದ್ದಿಗ್ಯಾಕಕ್ಕಾ? ನನಗೆ ಕೊಡು. ಭಾವ ಈಗ ಹೇಳಿದ್ದು ಕೇಳಿ ನನಗೂ ಆಸೆ ಆಗ್ತಿದೆ," ಎಂದು ಭಾವಮೈದುನ ಎದ್ದ.

ನಾನು ತಡೆಯುವುದು ಹೇಗೆ? ಹಂಚಿದಷ್ಟೂ ಹೆಚ್ಚುತ್ತದೆ ಎಂದು ಬಾಯಿ ಬಡಿದುಕೊಂಡವನು ನಾನೇ. ಅವನು ಎರಡು ಚೀಲ ತುಂಬಿಕೊಂಡ. ನಾದಿನಿ ಬಣ್ಣ ನೋಡಿ ಕೆಲವನ್ನು ಆರಿಸಿಕೊಂಡಳು. ಔಷಧಿ ಅಂಗಡಿಯವರು ನನ್ನ ಕಣ್ಣೆದುರೇ ಒಂದು ವಿಶೇಷಾಂಕವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ನನ್ನ ಕರುಳೇ ಸುರುಳಿ ಸುತ್ತಿದಂತಾಯಿತು. ಎಲ್ಲರಿಗೂ ನಗುತ್ತ ಕೈ ಬೀಸಿ ಕಳಿಸಿಕೊಟ್ಟೆ.

ಮಾರನೆಯ ಸಂಜೆ ಕೆಲಸದಿಂದ ಬಂದರೆ ಕಪಾಟಿನ ತುಂಬ ಬಟ್ಟೆ. ಕುರ್ಚಿಯಲ್ಲಿ ಕೂತೆ. ಓದಲು ಏನೂ ಇಲ್ಲ. ಸುಮ್ಮನೆ ಗೋಡೆ ನೋಡುವುದು ಎಷ್ಟು ಹೊತ್ತು? ಕೊನೆಗೆ ಮೂಲೆಯಲ್ಲಿದ್ದ ಗಿಟಾರ್ ಎತ್ತಿಕೊಂಡೆ. ಜುಂಯ್ ಎಂದಿತು. ಎನ್ನಲಿ, ನನಗೇನು? ಪಂದ್ಯ ಮುಗಿದಿತ್ತು, ಹೆದರಿಕೆ ಇರಲಿಲ್ಲ, ಬೆರಳೂ ನೋಯುತ್ತಿರಲಿಲ್ಲ. ಅಂದು ಬಾರಿಸಿದೆ. ಮರುದಿನವೂ ಬಾರಿಸಿದೆ. ಆಮೇಲೆ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೂ ಶುರುವಾಯಿತು. ಒಂದೇ ಹಾಡು, ಅದರ ಒಂದೇ ಸಾಲು, ತಪ್ಪಿದರೆ ಮತ್ತೆ ಮೊದಲಿಂದ. ನನ್ನವಳು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದಳು, ಕಿವಿಗೆ ಹತ್ತಿ ಇಟ್ಟುಕೊಂಡಳು, ಯಾರದೋ ಅಂಗಿಗೆ ಎರಡೂ ಎಡತೋಳು ಕೂರಿಸಿದಳು. ನಾನು ಗಮನಿಸಲಿಲ್ಲ. ಓದುವಾಗ ಸಿಗುತ್ತಿದ್ದ ಸುಖವೇ ಈಗ ಬೆರಳಿನ ತುದಿಗೆ ಬರತೊಡಗಿತ್ತು, ನನಗೇ ಆಶ್ಚರ್ಯ.

ಮೊನ್ನೆ ಆ ಮೊದಲ ಸಾಲು ಒಂದೂ ತಪ್ಪಿಲ್ಲದೆ ಬಂತು. ದಿನವಿಡೀ ಯಂತ್ರಗಳ ಮುಂದೆ ಅದನ್ನೇ ಗುನುಗುತ್ತ, ಸಂಜೆ ಎರಡನೆಯ ಸಾಲು ಹಿಡಿಯಬೇಕೆಂದು ಓಡೋಡಿ ಮನೆಗೆ ಬಂದೆ.

ಕಪಾಟಿನಲ್ಲಿ ಬಟ್ಟೆ ಇರಲಿಲ್ಲ. ನನ್ನ ಪತ್ರಿಕೆಗಳು ಸಾಲಾಗಿ, ಒರೆಸಿ ಜೋಡಿಸಿ ನಿಂತಿದ್ದವು. ಔಷಧಿ ಅಂಗಡಿಯವರು ಸುತ್ತಿದ್ದ ಸಂಚಿಕೆ ಇಸ್ತ್ರಿ ಹಾಕಿಸಿಕೊಂಡು ಮಟ್ಟಸವಾಗಿ ಮಲಗಿತ್ತು. ಬಟ್ಟೆಯ ಗಂಟುಗಳೆಲ್ಲ ಮತ್ತೆ ಮಂಚದ ಕೆಳಗೆ. ನನ್ನವಳು ನಗುಮುಖದಿಂದ ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಳ್ಳಿ. ಎಷ್ಟು ಬೇಕಾದ್ರೂ ಓದಿ. ಕಪಾಟು ನಿಮ್ಮದೇ."

"ಇದೆಲ್ಲ ಹೇಗೆ ವಾಪಸ್ ಬಂತು?"

"ಮನೆಮನೆಗೆ ಹೋಗಿ ಕೇಳ್ದೆ. ಉಳಿದವರೆಲ್ಲ ತಕ್ಷಣ ಕೊಟ್ಟುಬಿಟ್ರು. ನನ್ನ ತಮ್ಮ ಒಬ್ಬನೇ ಸುಮ್ನೆ ಕೊಡಲ್ಲ ಅಂತ ಹಟ ಹಿಡಿದ."

ನಾನು ಮೂಲೆಯ ಕಡೆ ತಿರುಗಿದೆ. ಮೂಲೆ ಖಾಲಿಯಾಗಿತ್ತು.

"ಅದಕ್ಕೆ," ಅಂದಳು, "ಬದಲಿಗೆ ನಿಮ್ಮ ಗಿಟಾರ್ ಕೊಟ್ಟುಬಂದೆ."