ವಾಸದ ಮನೆ ಎಂದರೆ

ಬೆಳಿಗ್ಗೆ ಬಾಗಿಲು ತೆಗೆದಾಗ ಆರ್ವಿಲ್ ಲಿಂಡ್‌ಕ್ವಿಸ್ಟ್‌ನ ಕಣ್ಣಿಗೆ ಬಿದ್ದದ್ದು ಊರ ಕಚೇರಿಯ ನೋಟಿಸು. ಹಿತ್ತಲಿನ ಮೀನುಗೂಡು 'ಕಟ್ಟಡ'ವಾಗಿದ್ದು, ಬೇಲಿಗೆ ತೀರಾ ಹತ್ತಿರವಿದೆ. ಸಂಜೆಯ ಸಭೆಯಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಕೆಡವಲಾಗುವುದು.

ವಿಸ್ಕಾನ್ಸಿನ್ನಿನ ಆ ಊರಿನಲ್ಲಿ ಚಳಿಗಾಲ ಬಂತೆಂದರೆ ಹೆಪ್ಪುಗಟ್ಟಿದ ಸರೋವರದ ಮೇಲಕ್ಕೆ ಮರದ ಗೂಡುಗಳನ್ನು ಎಳೆದೊಯ್ದು, ಒಳಗೆ ಕೂತು, ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತಾರೆ. ಬೇಸಿಗೆಯಲ್ಲಿ ಗೂಡು ಹಿತ್ತಲು ಸೇರುತ್ತದೆ. ಆರ್ವಿಲ್‌ನದನ್ನು ಅವನಪ್ಪ ಕಟ್ಟಿದ್ದ. ಅಪ್ಪನ ಕೈಕೆಲಸವೆಂದು ಉಳಿದದ್ದು ಅದೊಂದೇ.

ಪಕ್ಕದ ಮನೆಯ ಮಾರ್ಲಿಸ್ ಬೇಲಿಗೆ ಮೊಣಕೈ ಊರಿ ಕಾಯುತ್ತಿದ್ದಳು.

"ದೂರು ಕೊಟ್ಟಿದ್ದು ನಾನೇ ಕಣಯ್ಯ. ಪಾತ್ರೆ ತೊಳೀತಾ ಸರೋವರ ನೋಡೋಣ ಅಂದ್ರೆ ನಿಮ್ಮಪ್ಪನ ಪೆಟ್ಟಿಗೆ ಕಾಣುತ್ತೆ."

"ಎಳೆದ್ರೆ ಬರೋದು ಕಟ್ಟಡ ಹೇಗಾಗುತ್ತೆ ಮಾರ್ಲಿಸ್?"

"ಒಂದೇ ಕಡೆ ನಿಂತಿರೋದೆಲ್ಲ ಕಟ್ಟಡ ಅಂತ ನಿಯಮದಲ್ಲಿದೆ."

"ಹಾಗಾದ್ರೆ ಸೋಫಾ ಬಿಟ್ಟೇಳದ ನಿನ್ನ ಗಂಡನೂ ಕಟ್ಟಡವೇ."

"ಅವರು ಬೇಲಿಯಿಂದ ದೂರ ಇದ್ದಾರೆ," ಎಂದಳು ಮಾರ್ಲಿಸ್.

ಆರ್ವಿಲ್ ಯೋಚಿಸಿದ. ಚಕ್ರವಿದ್ದರೆ ವಾಹನ, ವಾಹನ ಕಟ್ಟಡವಲ್ಲ. ದೋಣಿ ಎಳೆಯುವ ಗಾಡಿಯ ಮೇಲೆ ಗೂಡನ್ನು ಹೇಗೋ ಏರಿಸಿದ. ಮದುವೆ ಕುದುರೆಯ ಮೇಲೆ ಕೂತ ದಪ್ಪ ವರನಂತೆ ಗೂಡು ಒಂದು ಕಡೆ ವಾಲಿತು. ಮಧ್ಯಾಹ್ನದ ಹೊತ್ತಿಗೆ ಡೆಲ್ಬರ್ಟ್ ಸ್ಟಂಫ್ ಬಂದ. ಊರಿನ ಭೂಬಳಕೆ ಸಮಿತಿಗೆ ಅಧ್ಯಕ್ಷನೂ ಅವನೇ, ತನಿಖಾಧಿಕಾರಿಯೂ ಅವನೇ.

"ನಂಬರ್ ಪ್ಲೇಟ್ ಇಲ್ಲದ ವಾಹನ ಹಿತ್ತಲಲ್ಲಿ ನಿಲ್ಲಿಸೋ ಹಾಗಿಲ್ಲ ಆರ್ವಿಲ್."

ಚಕ್ರ ಇಳಿಯಿತು. ಆರ್ವಿಲ್ ಹೆಂಡತಿಯ ಕೋಳಿಗಳನ್ನೆಲ್ಲ ಹಿಡಿದು ಗೂಡಿಗೆ ತುಂಬಿ, ಇದು 'ಕೃಷಿ ಕಟ್ಟಡ' ಎಂದು ಸಾರಿದ. ಕೋಳಿಗಳು ಕಿಟಕಿಯಿಂದ ಹಾರಿ ಮಾರ್ಲಿಸಳ ಸೊಪ್ಪಿನ ಮಡಿಗೆ ಇಳಿದವು. ಡೆಲ್ಬರ್ಟ್ ಮತ್ತೆ ಬಂದ.

"ಕೃಷಿ ಅನ್ನಿಸಿಕೊಳ್ಳೋಕೆ ಐದು ಎಕರೆ ಬೇಕು."

"ಕೋಳಿಗೇನು ಗೊತ್ತು ಎಕರೆ ಲೆಕ್ಕ?"

"ಅದಕ್ಕೇ ಕೋಳಿನ ಸಮಿತಿಗೆ ಸೇರಿಸಿಲ್ಲ."

ಸಂಜೆಯ ಸಭೆಯಲ್ಲಿ ಕಾಫಿ ಇತ್ತು, ಊರಿನ ಅರ್ಧ ಜನ ಇದ್ದರು. ಡೆಲ್ಬರ್ಟ್ ಚರ್ಚಿನಲ್ಲಿ ಓದುವ ಧಾಟಿಯಲ್ಲಿ ನಿಯಮಗಳ ವ್ಯಾಖ್ಯೆಗಳನ್ನು ಓದುತ್ತಾ ಹೋದ. 'ವಾಸದ ಮನೆ: ಚಾವಣಿ, ಒಲೆ, ಹಾಸಿಗೆ ಇದ್ದು, ಮನುಷ್ಯರು ಮಲಗುವ ಸ್ಥಳ. ಈ ನಿಯಮ ಬರುವ ಮೊದಲೇ ಇದ್ದ ವಾಸದ ಮನೆಯನ್ನು ಕೆಡವತಕ್ಕದ್ದಲ್ಲ.'

ಆರ್ವಿಲ್ ಎದ್ದು ನಿಂತ. "ನನ್ನ ಗೂಡು ಈ ನಿಯಮಕ್ಕಿಂತ ಹಳೇದು. ಅದಕ್ಕೆ ಚಾವಣಿ ಇದೆ, ಒಲೆ ಇದೆ, ಹಾಸಿಗೆ ಇದೆ. ನಾನು ಅಲ್ಲಿ ಮಲಗ್ತೀನಿ. ಬೇಕಾದ್ರೆ ಪ್ರಮಾಣ ಮಾಡ್ತೀನಿ!"

ಪ್ರಮಾಣ ಮಾಡಿಸಿದರು. ಹೆಂಡತಿ ವರ್ನಾ ಸಾಕ್ಷಿ ಹೇಳಿದಳು: "ನಿಜ. ನಾನು ಹೊರಗೆ ಹಾಕಿದಾಗಲೆಲ್ಲ ಅಲ್ಲೇ ಮಲಗ್ತಾರೆ."

ಸಭೆ ನಕ್ಕಿತು. ಗೂಡು ವಾಸದ ಮನೆಯೆಂದು ಎಲ್ಲರೂ ಕೈಯೆತ್ತಿದರು. ಅಪ್ಪನ ಗೂಡು ಉಳಿಯಿತು. ಆರ್ವಿಲ್‌ನ ಕಣ್ಣು ತೇವವಾಯಿತು.

ಆಗ ಮಾರ್ಲಿಸ್ ಇನ್ನೊಮ್ಮೆ ಕೈಯೆತ್ತಿದಳು. "ಒಂದು ನಿವೇಶನಕ್ಕೆ ಒಂದೇ ವಾಸದ ಮನೆ ಅಲ್ವಾ ಡೆಲ್ಬರ್ಟ್?"

ಡೆಲ್ಬರ್ಟ್ ಹಾಳೆ ತಿರುಗಿಸಿದ. "ಹೌದು. ಎರಡಿದ್ರೆ ಹಳೇದೇ ಲೆಕ್ಕ. ಗೂಡು ಅಪ್ಪನ ಕಾಲದ್ದು. ಆರ್ವಿಲ್ ಈಗಿರೋ ಮನೆ ಕಟ್ಟಿಸಿದ್ದು ನಿಯಮ ಬಂದ ಮೇಲೆ. ಅಂದ್ರೆ ಅದು 'ಪೂರಕ ಕಟ್ಟಡ'. ಸಾಮಾನು ಇಡಬಹುದು, ಮಲಗೋ ಹಾಗಿಲ್ಲ."

ವರ್ನಾ ಕಾಫಿ ಲೋಟ ಕೆಳಗಿಟ್ಟಳು.

"ಹಾಗಾದ್ರೆ ನನ್ನನ್ನ ಸಾಮಾನು ಅಂತ ಬರ್ಕೊಳ್ಳಿ. ಆ ಮೀನು ವಾಸನೇಲಿ ನಾನಂತೂ ಮಲಗಲ್ಲ."

ಡೆಲ್ಬರ್ಟ್ 'ಸಾಮಾನು' ಎಂಬ ಪದದ ವ್ಯಾಖ್ಯೆ ಹುಡುಕಿದ. ಇರಲಿಲ್ಲ. "ಸಮಿತಿಯ ಆಕ್ಷೇಪಣೆ ಇಲ್ಲ."

"ನನ್ನನ್ನೂ ಸಾಮಾನು ಅಂತಲೇ ಬರ್ಕೊಳ್ಳಿ!" ಎಂದ ಆರ್ವಿಲ್.

"ಆಗಲ್ಲಪ್ಪ," ಎಂದು ಡೆಲ್ಬರ್ಟ್ ಕನ್ನಡಕ ಮಡಚಿದ. "ಗೂಡಲ್ಲಿ ಮಲಗ್ತೀನಿ ಅಂತ ಈಗ ತಾನೇ ಪ್ರಮಾಣ ಮಾಡಿದ್ದೀಯ. ನೀನು ನಿವಾಸಿ."