ಹಳದಿಯಾದ ಚುಕ್ಕಿಗೆ ಮೇಲವಂಕಿಯಿಂದ ಎರಡು ಮಾತು

ಕಂಪನಿಯ ಆ್ಯಪಿನಲ್ಲಿ ನನ್ನ ಹೆಸರಿನ ಪಕ್ಕ ಸದಾ ವಿರಾಜಮಾನರಾಗಿರುವ ಮಾನ್ಯ ಹಸಿರು ಚುಕ್ಕಿಯವರೇ,

ಮೇಲವಂಕಿಯ ವಿದ್ಯಾಳ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಮೌಸ್ ಅಲುಗಾಡಿಸುತ್ತಿರುವವರೆಗೆ ತಮ್ಮ ಕ್ಷೇಮಕ್ಕೇನೂ ಕೊರತೆಯಿಲ್ಲ.

ವಾರಕ್ಕೆ ಎರಡು ದಿನ ಗೋಕಾಕದ ಆಫೀಸಿನಲ್ಲಿ, ಉಳಿದ ದಿನ ಮನೆಯಲ್ಲಿ ಕೂತು ವಿಮೆ ಅರ್ಜಿ ಪರಿಶೀಲಿಸುವ ನನ್ನ ಮೇಲೆ ತಾವಿಟ್ಟಷ್ಟು ನಿಗಾ ನನ್ನ ಗಂಡನೂ ಇಟ್ಟವನಲ್ಲ. ಅರ್ಜಿ ಓದಿ ಯೋಚಿಸುತ್ತ ಸುಮ್ಮನೆ ಕೂತರೂ ತಾವು ಹಳದಿಯಾಗಿ, ಇವಳು ಕೆಲಸದಲ್ಲಿಲ್ಲ ಎಂದು ಎಲ್ಲರಿಗೂ ಸಾರುತ್ತೀರಿ. ಯೋಚನೆ ಕೆಲಸವಲ್ಲವೆಂದು ತಮ್ಮಿಂದಲೇ ಕಲಿತೆ.

ಆದರೆ ಕಳೆದ ಬುಧವಾರದ ಸಂಗತಿಯನ್ನು ತಾವು ಅರ್ಧವೂ ಕಾಣದೆ ಪೂರ್ತಿ ವರದಿ ಮಾಡಿದ್ದೀರಿ. ಅಂದು ‘ನೌಕರರ ನೆಮ್ಮದಿ’ ಎಂಬ ಆನ್‌ಲೈನ್ ಮೀಟಿಂಗ್ ಇತ್ತು. ಕ್ಯಾಮೆರಾ ಎಂದೂ ಹಚ್ಚದ ಮ್ಯಾನೇಜರ್ ರಾವಸಾಹೇಬರು, ಗೋಕಾಕದ ಆಫೀಸಿನಿಂದಲೇ ಮಾತಾಡುತ್ತಿದ್ದೇನೆಂದು ಹೇಳಿ, ನಮಗೆ ದೀರ್ಘವಾಗಿ ಉಸಿರೆಳೆಯುವುದನ್ನು ಕಲಿಸುತ್ತಿದ್ದರು. ಅಷ್ಟರಲ್ಲಿ ನಮ್ಮತ್ತೆ ಲಗಮವ್ವ ಹಿತ್ತಲಿನಿಂದ ಕೂಗಿದರು: “ವಿದ್ಯಾ, ಲಗೂನ ಬಾ! ಕುರಿ ಭಾಳ ತ್ರಾಸ ಪಡಾಕತ್ತೈತಿ, ಮರಿ ಸಿಕ್ಕೊಂಡೈತಿ!”

ಎಳೆದ ಉಸಿರನ್ನು ಬಿಡುವುದನ್ನೂ ಮರೆತು ಓಡಿದೆ. ತಾವು ಹಳದಿಯಾದಿರಿ. ಲ್ಯಾಪ್‌ಟಾಪಿನೊಳಗಿಂದ ರಾವಸಾಹೇಬರು ಗುಡುಗಿದರು: “ವಿದ್ಯಾ ಮೇಡಂ, ಹಳದಿ ಆಗೀರಿ! ಎಲ್ಲಿ ಅದೀರಿ?”

ಬಿಸಿನೀರು ಒಯ್ಯಲು ಒಳಗೆ ಬಂದಿದ್ದ ಅತ್ತೆ ಪರದೆಯ ಮುಂದೆ ನಿಂತರಂತೆ. “ಹಳದಿ ಯಾಕ ಆಗ್ತಾಳ್ರಿ ಸಾಹೇಬ್ರ? ಕಾಮಾಲಿ ಗೀಮಾಲಿ ಏನಿಲ್ಲ, ಗಟ್ಟಿಮುಟ್ಟಿ ಅದಾಳ. ನಂಬಿಕಿ ಇಲ್ಲಂದ್ರ ನೀವ ನೋಡ್ರಿ,” ಎಂದವರೇ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬಂದು ಹಿತ್ತಲ ಕಟ್ಟೆಯ ಮೇಲೆ ಕೂರಿಸಿದರು.

ಹೀಗೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಸಹೋದ್ಯೋಗಿಗಳೆಲ್ಲ ಒಂದೇ ಕುರಿಯ ಸುತ್ತ ನೆರೆದರು; ಡಿಜಿಟಲ್ ಸಹಯೋಗವೆಂದರೇನೆಂದು ನನಗೆ ಅಂದೇ ತಿಳಿದದ್ದು. ಮರಿ ಹೊರಬಂತು, ಆದರೆ ಮಿಸುಕಲಿಲ್ಲ. ಅದರ ಮೈ ಉಜ್ಜಿದೆ, ಉಸಿರಿಲ್ಲ. ಒಮ್ಮೆಲೇ ಲ್ಯಾಪ್‌ಟಾಪ್ ರಾವಸಾಹೇಬರ ದನಿಯಲ್ಲಿ ಚೀರಿತು: “ಮೂಗು ಒರಸ್ರಿ ಮೇಡಂ! ಹಿಂದಿನ ಕಾಲ ಹಿಡದ ತೂಗ್ರಿ!”

ತೂಗಿದೆ. ಮರಿ ಸೀನಿತು, ಆಮೇಲೆ ಸಣ್ಣಗೆ ಕೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಡಲಗಿಯ ಸುಮನ್ ಅತ್ತೇಬಿಟ್ಟಳು. ಆಗಲೇ ನಾವು ಗಮನಿಸಿದ್ದು, ರಾವಸಾಹೇಬರು ಆವೇಶದಲ್ಲಿ ತಮ್ಮ ಕ್ಯಾಮೆರಾ ಒತ್ತಿಬಿಟ್ಟಿದ್ದರು. ಮೈಮೇಲೆ ಬರೀ ಬನಿಯನ್ನು, ಹಿಂದೆ ಹುಕ್ಕೇರಿಯ ಸ್ವಂತ ಮನೆಯ ಪಡಸಾಲೆ, ಬಾಜೂಕೆ ಮೆಂತ್ಯದ ಸೊಪ್ಪು ಸೋಸುತ್ತ ಕೂತ ಅವರ ತಾಯಿ ಭರಮವ್ವ. ನೆಮ್ಮದಿಯ ಮೀಟಿಂಗ್ ಅಲ್ಲಿಗೇ ಮುಗಿಯಿತು.

ಇಷ್ಟಾದರೂ ತಮ್ಮ ವರದಿಯ ಮೇರೆಗೆ ಸೋಮವಾರ ನನಗೆ ಆ್ಯಪಿನಿಂದಲೇ ನೋಟಿಸ್ ಬಂತು: ಕೆಲಸದ ವೇಳೆ ನಿಷ್ಕ್ರಿಯ, ಇನ್ನು ಮುಂದೆ ದಿನಾಲೂ ಗೋಕಾಕಕ್ಕೆ ಬರತಕ್ಕದ್ದು. ಅಳು ನುಂಗಿಕೊಂಡು ರಾವಸಾಹೇಬರಿಗೆ ಫೋನ್ ಮಾಡಿದೆ. ಹುಕ್ಕೇರಿಯ ಪಡಸಾಲೆ ಅವರಿಗೂ ನೆನಪಾಗಿರಬೇಕು. “ಅದನ್ನ ನಾ ರದ್ದ ಮಾಡ್ತೇನ್ರಿ ಮೇಡಂ. ಮರಿ ಹಾಲ ಕುಡಿಯಾಕತ್ತೈತಿಲ್ಲ?” ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬಿನ್ನಹವೆಂದರೆ, ಹಸಿರು ಹಳದಿಗಳ ಜೊತೆಗೆ ‘ಕುರಿ ಹಡೆಸುತ್ತಿದ್ದಾಳೆ’ ಎಂಬುದಕ್ಕೂ ಒಂದು ಬಣ್ಣ ಕಲಿಯಬೇಕು. ಅಭ್ಯಾಸಕ್ಕೆ ಮೇಲವಂಕಿಗೆ ಬಂದರೆ ಕುರಿಗಳ ಛಪ್ಪರದಲ್ಲಿ ಜಾಗ ಮಾಡಿಕೊಡುತ್ತೇವೆ.

ಮೌಸ್ ಹಿಡಿದಿರುವಷ್ಟು ಹೊತ್ತು
ತಮ್ಮ ವಿಶ್ವಾಸಿ,
ವಿದ್ಯಾ

ತಾಜಾ ಕಲಂ: ಭರಮವ್ವ ಈಗ ನಮ್ಮತ್ತೆಗೆ ಫೋನಿನ ಗೆಳತಿ. “ನಮ್ಮ ರಾವಸಾಹೇಬ ಅದೇನೋ ಇಲಿ ಅಂತಾನವಾ, ಅದನ್ನ ತಿರುಗೋ ಫ್ಯಾನಿಗೆ ಕಟ್ಟಿ ಮಧ್ಯಾಹ್ನ ಮಲ್ಕೋತಾನ,” ಎಂದು ನಿನ್ನೆ ಹೇಳಿದರಂತೆ. ಅವರ ಹೆಸರಿನ ಪಕ್ಕ ತಾವು ಸದಾ ಹಸಿರಾಗಿರುವ ಗುಟ್ಟು ತಿಳಿದು ಧನ್ಯಳಾದೆ. ಈ ವರ್ಷದ ಉತ್ತಮ ನೌಕರ ಪ್ರಶಸ್ತಿಯನ್ನು ಆ ಫ್ಯಾನಿಗೇ ದಯಪಾಲಿಸಬೇಕು. ಕರೆಂಟ್ ಹೋದ ದಿನಗಳನ್ನು ಮಾತ್ರ ಅದರ ರಜೆಯಲ್ಲಿ ಹಿಡಿದುಕೊಳ್ಳಿ.